ದೀಪ ಹಚ್ಚಿದ ಮೇಲೆ ಕೊಟ್ಟ ಕೆಂಡ

“ಅಣ್ಣಾ, ಡಾಂಬರು ರಸ್ತೆಗೆ ಯಾವ ದಾರಿ?”

ಕುರಿ ಕಾಯುವವನು ಕೋಲಿನ ಮೇಲೆ ಗದ್ದ ಊರಿ ಇಬ್ಬರು ಹೆಂಗಸರನ್ನೂ ನೋಡಿದ. ಒಬ್ಬಳು ಮುದುಕಿ. ಇನ್ನೊಬ್ಬಳು ಪ್ರಾಯದವಳು, ತಲೆಯ ಮೇಲೆ ಟ್ರಂಕು ಹೊತ್ತಿದ್ದಳು.

“ಆಗಲೇ ಒಂದು ಸಲ ಈ ಹೊಲ ಸುತ್ತಿ ಬಂದಿರಲ್ಲ ಅಕ್ಕಾ, ನನ್ನ ಕುರಿಗಳಿಗೂ ನಿಮ್ಮ ಗುರುತು ಸಿಕ್ಕಿತು,” ಎಂದ. “ಮುಂದೆ ಬೇವಿನ ಮರದ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಡಾಂಬರು ರಸ್ತೆ, ಬಸ್ಸು. ಬಲಕ್ಕೆ ಹೋದರೆ ನೀವು ಬಂದ ಊರೇ.”

ಪ್ರಾಯದವಳ ಹೆಸರು ಸಲೋಮಿ. ಆ ಎರೆಹೊಲಗಳ ನಡುವಿನ ಹಳ್ಳಿಯ ಪ್ರಾರ್ಥನಾ ಮಂದಿರಕ್ಕೆ ಉಪದೇಶಿಯಾಗಿ ಬಂದವಳು. ಅಂದು ಬೆಳಿಗ್ಗೆ ಮಂದಿರಕ್ಕೆ ಬೀಗ ಹಾಕಿ, ಊರು ಬಿಟ್ಟು ಹೊರಟಿದ್ದಳು. ಮುದುಕಿ ಅವಳಿಗೆ ಕಲಿಸಿದ ಬೋಧಕಿ. ಶಿಷ್ಯೆಯನ್ನು ನೋಡಿ ಹೋಗೋಣವೆಂದು ಬಂದವಳು ಶಿಷ್ಯೆಯ ಜೊತೆಗೇ ಮರಳಿ ನಡೆಯುತ್ತಿದ್ದಳು. ಬೇಡ ಎಂದಿರಲಿಲ್ಲ. ಬುದ್ಧಿಯನ್ನೂ ಹೇಳಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಸಲೋಮಿ ಸೊಂಟದಿಂದ ಬೀಗದ ಕೈ ತೆಗೆದು ಬೋಧಕಿಯ ಮುಂದೆ ಹಿಡಿದಳು. ಬೋಧಕಿ ಅದನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

“ಅಮ್ಮಾ, ಒಂದು ಮಾತು ಕೇಳಲೇ?” ಎಂದಳು ಸಲೋಮಿ. “ಯೇಸು ನನ್ನನ್ನು ರಕ್ಷಿಸಿದ್ದಾನೆ. ಅದಕ್ಕೆ ನಾನು ಕೊಡಬೇಕಾದ್ದು ಏನೂ ಉಳಿದಿಲ್ಲ, ಎಲ್ಲ ಅವನೇ ಮುಗಿಸಿದ್ದಾನೆ ಎಂದು ಕಲಿಸಿದವರು ನೀವೇ. ಹಾಗಿದ್ದ ಮೇಲೆ, ಯಾರೂ ತಿರುಗಿ ನೋಡದ ಊರಿನಲ್ಲಿ ನಾನೊಬ್ಬಳೇ ಶುದ್ಧವಾಗಿ ಬದುಕುತ್ತ, ಅವನ ದಾರಿ ಕಾಯುತ್ತ ಏಕೆ ಕೂರಬೇಕು? ಭಾನುವಾರ ಮಂದಿರಕ್ಕೆ ಬರುವವಳು ಒಬ್ಬ ಅಜ್ಜಿ. ಅವಳಿಗೂ ಕಿವಿ ಕೇಳಿಸುವುದಿಲ್ಲ.”

“ನಿನ್ನ ಉಪದೇಶಕ್ಕೆ ಅಂಥವರೇ ಬೇಕು,” ಎಂದಳು ಬೋಧಕಿ.

ಸಲೋಮಿ ನಗಲಿಲ್ಲ. ಬೋಧಕಿ ಹೊಲದ ಬದುವಿನ ಮೇಲೆ ಕುಳಿತು ಚಪ್ಪಲಿಯೊಳಗಿನ ಮುಳ್ಳು ತೆಗೆದಳು. ಮತ್ತೆ ಎದ್ದು ನಡೆಯುತ್ತ ಈ ಕತೆ ಹೇಳಿದಳು.

ಬೆಂಕಿಪೆಟ್ಟಿಗೆ ಇಲ್ಲದ ಕಾಲ. ಬೆಟ್ಟದ ಕಣಿವೆಯ ಕೆಳಗೆ ಒಂದು ಊರು. ಅಲ್ಲಿ ಒಲೆ ಆರಿದ ಮನೆಯವರು ಒಂದು ಬೋಕಿ ಹಿಡಿದು, ಎಂದರೆ ಒಡೆದ ಮಡಕೆಯ ಚೂರು ಹಿಡಿದು, ಪಕ್ಕದ ಮನೆಗೆ ಹೋಗುತ್ತಿದ್ದರು. ಪಕ್ಕದ ಮನೆಯವರು ಅದರಲ್ಲಿ ಒಂದು ಕೆಂಡ ಇಟ್ಟು ಕಳಿಸುತ್ತಿದ್ದರು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಯಾರೂ ಬೆಂಕಿ ಕೊಡುತ್ತಿರಲಿಲ್ಲ. ಕೊಟ್ಟರೆ ಬೆಂಕಿಯ ಜೊತೆಗೆ ಮನೆಯ ಭಾಗ್ಯವೂ ಹೊಸ್ತಿಲು ದಾಟುತ್ತದೆ, ಒಳಗೆ ಕೆಡುಕು ಉಳಿಯುತ್ತದೆ ಎಂದು ಆ ಊರು ನಂಬಿತ್ತು.

ಒಂದು ಮಳೆಯ ಸಂಜೆ ಒಬ್ಬ ಹೆಂಗಸು ಆ ಊರಿಗೆ ಬಂದಳು. ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಯಾರೂ ಇರಲಿಲ್ಲ. ಊರಾಚೆ, ಕಣಿವೆಯ ದಾರಿಯ ಪಕ್ಕದಲ್ಲಿ ಒಂದು ಪಾಳು ಗುಡಿಸಲು ಇತ್ತು. ಅದರೊಳಗೆ ಸೇರಿಕೊಂಡಳು. ಮೈ ತೊಯ್ದು ಜ್ವರ ಏರಿತ್ತು. ಇಂದು ಬೆಂಕಿ ಸಿಗದಿದ್ದರೆ ಬೆಳಗು ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಒಂದು ಬೋಕಿ ಹುಡುಕಿ, ಊರಿನೊಳಗೆ ಹೋಗಿ ಮನೆಮನೆಯ ಮುಂದೆ ನಿಂತಳು.

ಮೊದಲನೆಯ ಮನೆಯ ಒಡತಿ ಬಾಗಿಲು ಅರ್ಧ ತೆರೆದು ಹೇಳಿದಳು: “ದೀಪ ಹಚ್ಚಿ ಆಯಿತಲ್ಲ ತಾಯಿ. ನಾಳೆ ಬಾ.”

“ನಾಳೆಗೆ ನಾನು ಇರುವುದಿಲ್ಲ.”

“ಇದ್ದರೆ ಬಾ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಉಳಿದ ಮನೆಗಳಲ್ಲಿ ಅಷ್ಟು ಮಾತೂ ಆಗಲಿಲ್ಲ. ಹೆಂಗಸು ಗುಡಿಸಲಿಗೆ ಮರಳಿ ನೆಲದ ಮೇಲೆ ಮಲಗಿದಳು.

ಊರಿನ ಮೇಲುಗಡೆ ಒಂದು ದೊಡ್ಡ ಮನೆ. ಅವಳು ಅಲ್ಲಿಗೆ ಹೋಗಿರಲೇ ಇಲ್ಲ, ಅಷ್ಟು ಧೈರ್ಯ ಇರಲಿಲ್ಲ. ಆ ಮನೆಯ ಯಜಮಾನನಿಗೆ ಸುದ್ದಿ ಮುಟ್ಟಿತು. ಅವನು ತನ್ನ ಒಬ್ಬನೇ ಮಗನನ್ನು ಕರೆದ. ಮಗ ಒಲೆಯಿಂದ ಕೆಂಡ ತೆಗೆದು ಬೋಕಿಯಲ್ಲಿಟ್ಟುಕೊಂಡು ಹೊಸ್ತಿಲು ದಾಟಿದ. ಬೀದಿಯವರು ಬಾಗಿಲಲ್ಲಿ ನಿಂತು ಕೂಗಿದರು: “ದೀಪ ಹಚ್ಚಿದ ಮೇಲೆ ಬೆಂಕಿ ಹೊರಗೆ ಹೋಗುತ್ತಿದೆ! ಕೆಡುಕು ಯಾರ ಮೇಲೆ ಬರಬೇಕು?”

“ನನ್ನ ಮೇಲೆ ಬರಲಿ,” ಎಂದ ಅವನು.

ಗಾಳಿ ಬೀಸುತ್ತಿತ್ತು, ಮಳೆ ಹೊಡೆಯುತ್ತಿತ್ತು. ಅವನು ಒಂದು ಕೈಯಲ್ಲಿ ಬೋಕಿ ಹಿಡಿದು, ಇನ್ನೊಂದು ಅಂಗೈಯನ್ನು ಕೆಂಡದ ಮೇಲೆ ಮುಚ್ಚಿದ. ಅಂಗೈ ಸುಟ್ಟಿತು. ಎತ್ತಿದರೆ ಕೆಂಡ ಆರುತ್ತಿತ್ತು. ಗುಡಿಸಲು ಮುಟ್ಟುವವರೆಗೂ ಅವನು ಕೈ ಎತ್ತಲಿಲ್ಲ.

ಒಲೆ ಹೊತ್ತಿತು. ಹೆಂಗಸು ಬದುಕಿದಳು.

ಬೆಳಗಾದ ಮೇಲೆ ಊರಿನವರು ಸೇರಿ ಅವನನ್ನು ಹೊಡೆದು ಊರಾಚೆ ಹಾಕಿದರು. ಅವನು ಕಣಿವೆಯ ದಾರಿ ಹಿಡಿದು ಹೊರಟವನು ಗುಡಿಸಲಿನ ಮುಂದೆ ನಿಂತ.

“ಈ ಕೆಂಡವನ್ನು ನಿನಗೆ ಹೇಗೆ ತೀರಿಸಲಿ?” ಎಂದು ಅವಳು ಕೇಳಿದಳು.

“ನನಗೆ ಕೊಡಬೇಡ. ಕೇಳಿ ಬಂದವರಿಗೆ ಕೊಡು,” ಎಂದ. “ನಾನು ಇದೇ ದಾರಿಯಲ್ಲಿ ಮತ್ತೆ ಬರುತ್ತೇನೆ. ಬಂದಾಗ ಈ ಒಲೆಯ ಮೇಲೆ ಸುಟ್ಟ ರೊಟ್ಟಿ ತಿನ್ನುತ್ತೇನೆ.”

“ಯಾವಾಗ?”

ಅವನು ಅದನ್ನು ಹೇಳಲಿಲ್ಲ. ಹೋದ.

ಬೋಧಕಿ ಉಸಿರು ತೆಗೆದುಕೊಳ್ಳಲು ನಿಂತಳು. ಸಲೋಮಿಯೂ ನಿಂತಳು. ಬೇವಿನ ಮರ ದೂರದಲ್ಲಿ ಕಾಣುತ್ತಿತ್ತು.

“ಆಮೇಲೆ ಅವಳು ಒಳ್ಳೆಯವಳಾದಳು ಎನ್ನುತ್ತೀರಿ,” ಎಂದಳು ಸಲೋಮಿ.

“ಇಲ್ಲ. ಮೊದಲು ಪೆದ್ದಿಯಾದಳು,” ಎಂದು ಬೋಧಕಿ ಮುಂದೆ ಹೇಳಿದಳು.

ಅವಳಿಗೆ ಆ ಬೆಂಕಿಯ ಮೇಲೆ ಎಂಥ ಭಕ್ತಿ ಹುಟ್ಟಿತೆಂದರೆ, ಅದರ ಮೇಲೆ ಅಡುಗೆ ಮಾಡುವುದನ್ನೇ ಬಿಟ್ಟಳು. ಬೆಂಕಿ ಎಂಜಲಾಗಬಾರದು ಎಂದಳು. ಒಲೆಯ ಸುತ್ತ ಸೇವಂತಿಗೆ ಇಟ್ಟಳು. ದಿನಕ್ಕೆ ಒಂದು ಕುಳ್ಳಿನ ಚೂರು ಹಾಕಿ ಕೈ ಮುಗಿಯುತ್ತಿದ್ದಳು. ತಾನು ಮಾತ್ರ ನೆನೆಸಿದ ಕಡಲೆ ತಿನ್ನುತ್ತಿದ್ದಳು. ಆ ಕಡಲೆಯಾದರೂ ಪಕ್ಕದ ಹೊಲದಿಂದ ಕದ್ದದ್ದು.

ಕಣಿವೆ ದಾಟುತ್ತಿದ್ದ ಒಬ್ಬ ವರ್ತಕ ನೀರು ಕೇಳಲು ಬಂದ. ಎತ್ತುಗಳ ಮೇಲೆ ಹೇರು ಹಾಕಿಕೊಂಡು ಊರೂರು ತಿರುಗುವವನು. ಒಲೆಯನ್ನು ನೋಡಿ, ಅವಳ ಬಾಯಿಂದ ಕೆಂಡದ ಕತೆ ಕೇಳಿ ನಕ್ಕ.

“ಇದೇನಮ್ಮಾ, ಬೆಂಕಿಗೆ ಹೂ ಮುಡಿಸಿ ಕೂರಿಸಿದ್ದೀಯಾ? ಅದೂ ಉಪವಾಸ, ನೀನೂ ಉಪವಾಸ. ಕೊಟ್ಟವನು ಏನು ಕೇಳಿದ, ಹೂವೋ ರೊಟ್ಟಿಯೋ?”

ಅವಳು ಬಗ್ಗಿ ನೋಡಿದಳು. ಹೂವಿನ ಅಡಿಯಲ್ಲಿ ಬೂದಿಯೇ ಇತ್ತು. ಕೆದಕಿದಳು. ತಳದಲ್ಲಿ ಕಡಲೆ ಕಾಳಿನಷ್ಟು ಕೆಂಪು ಉಳಿದಿತ್ತು. ನೆಲಕ್ಕೆ ಕೆನ್ನೆ ಹಚ್ಚಿ ಊದಿದಳು. ಕಣ್ಣಲ್ಲಿ ನೀರು ಬರುವ ತನಕ ಊದಿದಳು. ಅದು ಹೊತ್ತಿಕೊಂಡಿತು.

ಅಂದೇ ಅವಳು ಹೂಗಳನ್ನು ತೆಗೆದು ರೊಟ್ಟಿಯ ಹಂಚು ಇಟ್ಟಳು. ಹಿಟ್ಟು ಕಲಸಲು ಕುಳಿತಾಗ ಕೈ ನಿಂತಿತು. ಕಡಲೆಯಂತೆ ಜೋಳವೂ ಕದ್ದದ್ದೇ. ಅವನು ಇವತ್ತೇ ಬಂದರೆ ಕದ್ದ ಜೋಳದ ರೊಟ್ಟಿಯನ್ನು ಆ ಸುಟ್ಟ ಅಂಗೈಯಲ್ಲಿ ಹೇಗೆ ಇಡುವುದು? ಎದ್ದು ಹೋಗಿ ಉಳಿದ ಜೋಳವನ್ನು ಹೊಲದವನ ಕಣದಲ್ಲಿ ಸುರಿದು ಬಂದಳು. ಆಮೇಲೆ ಕೂಲಿ ಮಾಡಿ ತಂದದ್ದನ್ನೇ ಬೀಸಿದಳು. ಬೇರೆಯವರ ಬೇಲಿಯ ಕಟ್ಟಿಗೆ ಮುರಿಯುವುದನ್ನು ಬಿಟ್ಟಳು. ಅವನು ಬಂದು ಕೂರುವ ಜಾಗ ಎಂದು ಒಂದು ಮೂಲೆಯನ್ನು ದಿನವೂ ಸಾರಿಸಿದಳು. ಒಂದು ಮೂಲೆ ಸಾರಿಸಿದ ಮೇಲೆ ಉಳಿದ ನೆಲ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನೂ ಸಾರಿಸಿದಳು.

ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚುವಳು. ಹೆಚ್ಚು ಮುಚ್ಚಿದರೆ ಉಸಿರು ಕಟ್ಟುತ್ತದೆ, ಕಡಿಮೆ ಮುಚ್ಚಿದರೆ ಬೆಳಗಿನೊಳಗೆ ಉರಿದು ಮುಗಿಯುತ್ತದೆ. ಆ ಹದ ಕೈಗೆ ಬರಲು ಕಾಲ ಹಿಡಿಯಿತು. ಯಾರೂ ನೋಡುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಹೋದ ಬೆಂಕಿ ಕೆಟ್ಟದ್ದು ಎಂದು ಊರಿನವರು ಆ ಗುಡಿಸಲಿನ ಹೊಗೆ ಕಂಡರೂ ಮುಖ ತಿರುಗಿಸುತ್ತಿದ್ದರು. ಬೋಕಿ ಹಿಡಿದು ಯಾರೂ ಬರಲಿಲ್ಲ. ಅವನೂ ಬರಲಿಲ್ಲ. ಅವನಿಗೆಂದು ಸುಟ್ಟ ರೊಟ್ಟಿಯನ್ನು ಮರುದಿನ ತಾನೇ ಮುರಿದು ತಿನ್ನುವಳು.

“ಅವಳಿಗೆ ಬೇಸರ ಆಗಲಿಲ್ಲವೇ?” ಎಂದು ಸಲೋಮಿ ಕೇಳಿದಳು.

“ಆಗದೆ ಏನು. ಬೇಸರ ಆಗದವರ ಕತೆ ನನಗೆ ಒಂದೂ ಗೊತ್ತಿಲ್ಲ,” ಎಂದಳು ಬೋಧಕಿ. “ಎಷ್ಟೋ ಸಂಜೆ ಅವಳು ಬೋಕಿ ಹಿಡಿದು ತನ್ನ ಬಾಗಿಲಿಗೆ ತಾನೇ ಬಂದು ನಿಂತು, ‘ಅಕ್ಕಾ, ಸ್ವಲ್ಪ ಬೆಂಕಿ ಕೊಡುತ್ತೀಯಾ’ ಎಂದು ಕೇಳಿ ನೋಡಿದ್ದಳು. ಇನ್ನೊಂದು ದನಿ ಕೇಳಲಿ ಎಂದು.”

ವರುಷಗಳು ಕಳೆದವು. ಆ ವರ್ತಕ ಮತ್ತೆ ಬಂದ. ಅವಳ ಕೂದಲು ನೆರೆತಿತ್ತು. ಅವನು ಈ ಸಲ ನಗಲಿಲ್ಲ.

“ಅವನು ಬರುವುದಿಲ್ಲ ತಾಯಿ,” ಎಂದ. “ನನ್ನ ಜೊತೆ ಪೇಟೆಗೆ ಬಾ. ಅಲ್ಲಿ ಬೀದಿ ತುಂಬ ಒಲೆ, ಬೀದಿ ತುಂಬ ಜನ. ಬೆಂಕಿ ಕಾಯುವ ಕಷ್ಟವೇ ಇಲ್ಲ.”

ಅವಳು ಬಹಳ ಹೊತ್ತು ಯೋಚಿಸಿದಳು. ಬಟ್ಟೆಯ ಗಂಟನ್ನೂ ಕಟ್ಟಿದಳು. ಆಮೇಲೆ, “ಪೇಟೆಯಲ್ಲಿ ಅವನು ನನ್ನನ್ನು ಎಲ್ಲಿ ಹುಡುಕುತ್ತಾನೆ?” ಎಂದು ಗಂಟು ಬಿಚ್ಚಿದಳು. ವರ್ತಕನ ಎತ್ತುಗಳ ಗಂಟೆ ಕಣಿವೆಯಲ್ಲಿ ಕೇಳಿಸುವವರೆಗೆ ಕೇಳಿಸಿ, ನಿಂತಿತು. ಆ ರಾತ್ರಿ ಅವಳು ಬೂದಿ ಮುಚ್ಚುವಾಗ ಅತ್ತಳು. ಆದರೂ ಮುಚ್ಚಿದಳು.

ಆ ವರುಷ ಜಡಿಮಳೆ ಹಿಡಿಯಿತು. ಹಗಲು ರಾತ್ರಿ ಸುರಿದು, ಗಾಳಿ ಎದ್ದು, ಊರಿನ ಚಾವಣಿಗಳು ಹಾರಿದವು. ಒಲೆಗಳಲ್ಲಿ ನೀರು ನಿಂತಿತು. ದೊಡ್ಡ ಮನೆ ಎಂದೋ ಬಾಗಿಲು ಮುಚ್ಚಿತ್ತು. ಮಗ ಹೋದ ಮೇಲೆ ಯಜಮಾನನೂ ಆ ಊರಿನಲ್ಲಿ ಉಳಿದಿರಲಿಲ್ಲ. ಬೆಂಕಿ ಕೇಳಲು ಯಾರಿಗೂ ಪಕ್ಕದ ಮನೆ ಇಲ್ಲದಂತಾಯಿತು. ಸಂಜೆಯಾದರೂ ಒಂದು ದೀಪ ಹೊತ್ತಲಿಲ್ಲ. ಕಣಿವೆಯ ಮರೆಗಿದ್ದ ಗುಡಿಸಲಿನ ಚಾವಣಿ ಮಾತ್ರ ಉಳಿದಿತ್ತು.

ಆ ಕತ್ತಲೆಯಲ್ಲಿ ಯಾರೋ ಗುಡಿಸಲಿನ ಮುಂದೆ ಬಂದು ನಿಂತರು. ಮೊದಲನೆಯ ಮನೆಯ ಒಡತಿ. ಈಗ ಮುದುಕಿಯಾಗಿದ್ದಳು. ಓಡಿಬಂದ ಅವಸರದಲ್ಲಿ ಬೋಕಿಯನ್ನೂ ತಂದಿರಲಿಲ್ಲ.

“ಮಗಳು ಹೆತ್ತಿದ್ದಾಳೆ,” ಎಂದಳು. “ಕೂಸು ತಣ್ಣಗಾಗುತ್ತಿದೆ. ನೀರು ಕಾಯಿಸಲು ಊರಿನಲ್ಲಿ ಒಂದು ಕಿಡಿ ಇಲ್ಲ.”

ಹೆಂಗಸು ಬೂದಿ ಸರಿಸಿದಳು. ಹಿಂದೆ ತಾನು ಊರೆಲ್ಲ ಹೊತ್ತು ತಿರುಗಿದ್ದ ಬೋಕಿಯನ್ನು ಗೂಡಿನಿಂದ ತೆಗೆದಳು. ಅದರಲ್ಲಿ ಕೆಂಡ ತುಂಬಿದಳು. ಮುದುಕಿ ಕೈ ಚಾಚಿದಳು. ಹೆಂಗಸು ಬೋಕಿಯನ್ನು ತಾನೇ ಎತ್ತಿಕೊಂಡು ಮಳೆಯೊಳಗೆ ನಡೆದಳು. ಗಾಳಿ ಬೀಸಿದಾಗ ಇನ್ನೊಂದು ಅಂಗೈಯನ್ನು ಕೆಂಡದ ಮೇಲೆ ಮುಚ್ಚಿದಳು. ಸುಟ್ಟಿತು. ಎತ್ತಲಿಲ್ಲ.

ನೀರು ಕಾದಿತು. ಕೂಸು ಅತ್ತಿತು. ನೆರೆಯವರು ಒಬ್ಬೊಬ್ಬರಾಗಿ ಬೋಕಿ ಹಿಡಿದು ಬಾಗಿಲಿಗೆ ಬಂದರು. ಮೊದಲನೆಯ ಮನೆಯ ಮುದುಕಿ ಹೆಂಗಸಿನ ಕೈಗೆ ಬೆಣ್ಣೆ ಹಚ್ಚುತ್ತ ತಲೆ ಎತ್ತದೆ ಕೇಳಿದಳು: “ಅವತ್ತು ನಾನು ಕೊಡಲಿಲ್ಲ. ನೀನು ಯಾಕೆ ಕೊಟ್ಟೆ?”

“ನಾನು ಕೊಟ್ಟಿಲ್ಲ ಅಕ್ಕಾ,” ಎಂದಳು ಹೆಂಗಸು. “ತೀರಿಸಿದೆ.”

ಬೋಧಕಿ ಕತೆ ನಿಲ್ಲಿಸಿದಳು. ಅವರು ಬೇವಿನ ಮರದ ಕೆಳಗೆ ಬಂದಿದ್ದರು. ಎಡಗಡೆಯಿಂದ ಬಸ್ಸಿನ ಹಾರನ್ನು ಸಣ್ಣಗೆ ಕೇಳಿಸಿತು. ಸಲೋಮಿ ಟ್ರಂಕನ್ನು ಇಳಿಸಿದಳು. ಬೀಗದ ಕೈ ಇನ್ನೂ ಅವಳ ಅಂಗೈಯಲ್ಲೇ ಇತ್ತು. ಬಿಗಿಯಾಗಿ ಹಿಡಿದು ಹಿಡಿದು ಅದರ ಅಚ್ಚು ಮೂಡಿತ್ತು.

“ಅವನು ರೊಟ್ಟಿ ತಿನ್ನಲು ಬಂದನೇ ಅಮ್ಮಾ?” ಎಂದು ಕೇಳಿದಳು.

ಬೋಧಕಿ ಆ ಅಂಗೈಯನ್ನು ಬೀಗದ ಕೈಯ ಮೇಲೆ ಮಡಚಿದಳು.

“ದಾರಿಯಲ್ಲಿದ್ದಾನೆ, ಇವತ್ತು ಬೂದಿ ಮುಚ್ಚುವ ಪಾಳಿ ನಿನ್ನದು.”

ಸಲೋಮಿ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಟ್ರಂಕು ಎತ್ತಿಕೊಂಡು ಬಲದ ದಾರಿ ಹಿಡಿದಳು.