ತೊಟ್ಟವ್ವ ಕೈಬಿಡಲಿಲ್ಲ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಿಡಗಳಿಗೆ ಹೂ ಬಿಡುವುದು ಹೊಸ ಕೆಲಸ. ಆಗ ಪ್ರತಿ ಹೂವೂ ಒಂದು ಮನೆ, ಮನೆ ತುಂಬ ಮಂದಿ.

ಬದನೆ ಗಿಡದ ಕೆಳಗಿನ ಕೊಂಬೆಯ ಮನೆಯಲ್ಲಿ ಐವರು ದಳದ ಹುಡುಗಿಯರಿದ್ದರು. ನೇರಳೆ ಸೀರೆ ಉಟ್ಟವರು, ಬಂದವರೆಲ್ಲ ಅವರನ್ನೇ ನೋಡಬೇಕು. ಒಳಗೆ ಹಳದಿ ಅಂಗಿಯ ಐವರು ಕೇಸರಣ್ಣರು, ಪರಾಗದ ಹಿಟ್ಟು ಹೊತ್ತವರು. ಅವರ ನಡುವೆ ಕಡ್ಡಿಯಂತೆ ನೆಟ್ಟಗೆ ನಿಂತ ಶಲಾಕೆ. ಅವಳ ಬುಡದಲ್ಲಿ ಸಾಸಿವೆಯಷ್ಟು ಕೂಸು.

ಇವರೆಲ್ಲರ ಬೆನ್ನ ಹಿಂದೆ ನಿಂತು ಹಿಡಿದುಕೊಂಡವಳು ತೊಟ್ಟವ್ವ. ಅವಳಿಗೆ ಐದು ಹಸಿರು ಬೆರಳು. ಹೂ ಮೊಗ್ಗಾಗಿದ್ದಾಗ ಆ ಬೆರಳು ಮುಚ್ಚಿ, ಬಿಸಿಲು ಮಳೆ ತಾಗದಂತೆ ಎಲ್ಲರನ್ನೂ ಕಾದವಳು ಅವಳೇ. ಅರಳಿದ ಮೇಲೆ ಅವಳತ್ತ ಯಾರು ನೋಡುತ್ತಾರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಆಗ ಒಂದು ಪದ್ಧತಿಯಿತ್ತು. ದುಂಬಿ ಬಂದು ಹೋಗಿ, ಶಲಾಕೆಗೆ ಪರಾಗ ಮುಟ್ಟಿ, ಕೂಸು ಬೆಳೆಯತೊಡಗಿತೆಂದರೆ ಗಾಳಿಯಪ್ಪ ಬಂದು ಕೂಗುತ್ತಿದ್ದ, "ಕೆಲಸ ಮುಗೀತು, ಇಳೀರಿ." ಎಲ್ಲರೂ ಇಳಿಯುತ್ತಿದ್ದರು. ತೊಟ್ಟವ್ವಂದಿರೂ ಇಳಿಯುತ್ತಿದ್ದರು.

ಅಂದು ಬೆಳಿಗ್ಗೆ ಮೇಲಿನ ಕೊಂಬೆಯ ಮನೆಗೆ ಗಾಳಿಯಪ್ಪ ಬಂದ. ದಳಗಳು ಇಳಿದವು, ಕೇಸರಗಳು ಇಳಿದವು, ಶಲಾಕೆ ಬಾಡಿ ಬಿದ್ದಳು. ಕೊನೆಗೆ ಆ ಮನೆಯ ತೊಟ್ಟವ್ವನೂ ಕೂಸಿನ ತಲೆ ಸವರಿ ಕೈಬಿಟ್ಟಳು.

ಎಲೆಯ ಮರೆಯಿಂದ ಒಂದು ಹುಳ ಹೊರಬಂತು. ಹೊಂಚಿ ಕಾಯುವುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಕರಕರ. ಕರಕರ. ಕೂಸಿನ ಬರಿದಾದ ತಲೆಯಲ್ಲಿ ತೂತು ಬಿತ್ತು. ಕೆಳಗಿನ ಕೊಂಬೆಯ ನಮ್ಮ ತೊಟ್ಟವ್ವ ಅದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೆ ಅಳು ಬರುವಷ್ಟು ಭಯವಾಯಿತು.

ಹುಳ ಬಾಯಿ ಒರೆಸಿಕೊಂಡು ಕೆಳಗೆ ಇಣುಕಿತು. "ನಿಮ್ಮ ಮನಿ ಸರದಿ ಯಾವಾಗ, ಯವ್ವಾ?"

ಮಧ್ಯಾಹ್ನ ಗಾಳಿಯಪ್ಪ ಕೆಳಗಿನ ಕೊಂಬೆಗೆ ಬಂದ. "ಇಳೀರಿ" ಎಂದ. ಹುಡುಗಿಯರು ಸೀರೆ ಮುದುಡಿಕೊಂಡು ಇಳಿದರು. ಕೇಸರಣ್ಣರು ಇಳಿದರು. ಶಲಾಕೆ ಬಾಡುತ್ತ, "ಯವ್ವಾ, ಕೂಸು..." ಎಂದಳು. ಮಾತು ಮುಗಿಯುವ ಮೊದಲೇ ಬಿದ್ದಳು.

"ನೀನೂ ಇಳಿ, ತೊಟ್ಟವ್ವ."

"ನಾ ಇಳಿಯಂಗಿಲ್ಲಪ್ಪ. ಅಲ್ಲಿ ಹುಳ ಕುಂತೈತಿ, ನೋಡು."

"ಎಲ್ಲಾರೂ ಇಳೀತಾರ. ನೀನೇನು ಆಕಾಶದಿಂದ ಉದುರಿ ಬಿದ್ದಾಕಿಯೇನು?"

ಗಾಳಿಯಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕೊಂಬೆ ಹಿಡಿದು ಜಗ್ಗಿದ. ಗಿಡ ನೆಲ ಮುಟ್ಟುವಷ್ಟು ಬಾಗಿ ಎದ್ದಿತು. ತೊಟ್ಟವ್ವ ಐದೂ ಬೆರಳಿನಿಂದ ಕೂಸಿನ ತಲೆಯನ್ನು ಅವಚಿ ಹಿಡಿದಳು. ಬಿಡಲಿಲ್ಲ.

ಆ ಗದ್ದಲದಲ್ಲೇ ಹುಳ ಮೆಲ್ಲಗೆ ಹರಿದು ಬಂತು. ಅವಳ ಮೊದಲ ಬೆರಳನ್ನು ಕಚ್ಚಿತು. ಅದನ್ನು ಹೊಡೆಯಬೇಕೆಂದರೆ ಕೈ ಎತ್ತಬೇಕು. ಕೈ ಎತ್ತಿದರೆ ಕೂಸಿನ ತಲೆ ಬರಿದಾಗುತ್ತದೆ.

"ಬದನವ್ವಾ," ಎಂದು ಗಿಡವನ್ನು ಕೂಗಿದಳು. "ನಿನ್ನ ಮೈಮ್ಯಾಲಿನ ಮುಳ್ಳು ನಾಕು ಕೊಡು."

"ಮುಳ್ಳು ಇಟ್ಕೊಂಡ್ರ ನಿನ್ನ ಯಾರೂ ಪ್ರೀತಿಲೆ ಮುಟ್ಟಂಗಿಲ್ಲ," ಎಂದಿತು ಗಿಡ.

"ಈಗ ಯಾರು ಮುಟ್ಟಾಕತ್ತಾರ? ಕೊಡು."

ಬೆರಳುಗಳ ಮೇಲೆ ಚೂಪುಚೂಪು ಮುಳ್ಳು ಎದ್ದವು. ಎರಡನೇ ಬಾರಿ ಕಚ್ಚಲು ಬಾಯಿ ಹಾಕಿದ ಹುಳ ಹೊಟ್ಟೆಗೆ ಚುಚ್ಚಿಸಿಕೊಂಡು ಉರುಳಿ ಬಿತ್ತು.

ಗಾಳಿಯಪ್ಪ ಎಲ್ಲವನ್ನೂ ನೋಡಿದ. ಅವನ ದನಿ ತಗ್ಗಿತು. "ಇವತ್ತು ಇಳೀದಿದ್ರ ನಿನಗ ಎಂದೂ ಇಳಿಯಾಕ ಆಗಂಗಿಲ್ಲ, ತೊಟ್ಟವ್ವ. ಕೂಸು ಎಲ್ಲಿಗೆ ಹೋಗತೈತಿ, ಅಲ್ಲಿಗೇ ನೀನೂ. ಈಳಿಗಿಗೆ ಹೋದ್ರ ಈಳಿಗಿಗೆ."

"ಆಗಲಿ," ಎಂದಳು ತೊಟ್ಟವ್ವ.

ಕೂಸು ದಿನದಿನಕ್ಕೆ ಉಬ್ಬಿತು. ಬೆರಳುಗಳು ಹಿಗ್ಗಿ ಹಿಗ್ಗಿ ನೊಂದವು. ಅವಳು ಬಿಡಲಿಲ್ಲ. ಅವಳನ್ನು ನೋಡಿ ಬದನೆ ಗಿಡದ ಉಳಿದ ತೊಟ್ಟವ್ವಂದಿರೂ ಇಳಿಯುವ ಪದ್ಧತಿಯನ್ನೇ ಬಿಟ್ಟರು. ಹುಳ ಈಗಲೂ ಒಮ್ಮೊಮ್ಮೆ ಒಳಗೆ ನುಸುಳುತ್ತದೆ, ಕಳ್ಳನಿಗೆ ನೂರು ದಾರಿ.

ಅದಕ್ಕೇ ಮಗು, ಬದನೆಕಾಯಿಯ ತಲೆಯ ಮೇಲೆ ಇಂದಿಗೂ ಮುಳ್ಳಿನ ಹಸಿರು ಟೊಪ್ಪಿಗೆ ಇರುತ್ತದೆ. ಅಜ್ಜಿ ಎಣ್ಣೆಗಾಯಿ ಮಾಡುವಾಗ ಹತ್ತಿರ ಕುಳಿತು ನೋಡು: ಕಾಯಿಯನ್ನು ತೊಟ್ಟಿನವರೆಗೆ ನಾಲ್ಕಾಗಿ ಸೀಳಿ, ಮಸಾಲೆ ತುಂಬಿ, ಕಾದ ಎಣ್ಣೆಗೆ ಬಿಟ್ಟರೂ ನಾಲ್ಕು ಸೀಳೂ ಒಂದನ್ನೊಂದು ಅಗಲುವುದಿಲ್ಲ, ಏಕೆಂದರೆ ತೊಟ್ಟವ್ವ ಇನ್ನೂ ಹಿಡಿದುಕೊಂಡೇ ಇದ್ದಾಳೆ.