ಅರೆಕಲ್ಲು ತೀರಕ್ಕೆ ಆ ಹೆಸರು ಬಂದದ್ದು

ಕುಂದಾಪುರದಿಂದ ಉತ್ತರಕ್ಕೆ ಹೋಗುವಾಗ ಹೊಳೆ ದಾಟಿ ಕಡಲ ಕಡೆ ತಿರುಗಿದರೆ ಅರೆಕಲ್ಲು ತೀರ ಸಿಗುತ್ತದೆ. ಅಲ್ಲಿರುವುದು ಒಂದೇ ಮೀನೂಟದ ಹೋಟೆಲು, ತಲೆಮಾರುಗಳಿಂದ ನಡೆದು ಬಂದದ್ದು. ಒಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಉದ್ದ ಮೇಜು. ಎದುರಿನ ಹೊನ್ನೆ ಮರದ ಬುಡದಲ್ಲಿ ಮಸಾಲೆ ಅರೆಯುವ ಗುಂಡುಕಲ್ಲೊಂದು ಅರ್ಧ ಮರಳಿನಲ್ಲಿ ಹೂತುಕೊಂಡಿದೆ. ಅದರ ಸುತ್ತ ಹಗ್ಗ ಉಜ್ಜಿದಂಥ ಗೆರೆ. ಈ ಹೋಟೆಲಿಗೆ ತೆಂಗಿನಕಾಯಿ, ಮೆಣಸು ಹಾಕುತ್ತಲೇ ನನ್ನ ತಲೆ ನೆರೆತಿದೆ. ಅಲ್ಲಿಯ ಹಿರಿಯರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ.

ಹಿಂದೆ ಒಮ್ಮೆ, ಹೋಟೆಲೂ ರಸ್ತೆಯೂ ಇಲ್ಲದ ಕಾಲದಲ್ಲಿ, ಅಕ್ಕಣಿ ಎಂಬ ಮೊಗವೀರ ಹೆಂಗಸು ಈ ಮರದಡಿ ಒಲೆ ಹೂಡಿ ರಂಪಣಿ ಎಳೆಯುವವರಿಗೆ ಊಟ ಹಾಕುತ್ತಿದ್ದಳಂತೆ. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಒಂದು ತುದಿಯ ಹಗ್ಗ ತೆಂಕುಕೇರಿಯವರ ಕೈಯಲ್ಲಿ, ಇನ್ನೊಂದು ಬಡಗುಕೇರಿಯವರ ಕೈಯಲ್ಲಿ. ಎರಡೂ ಒಟ್ಟಿಗೆ ಬಂದರಷ್ಟೇ ಮೀನು. ಅಕ್ಕಣಿಯ ಒಲೆ ತೆಂಕು ಬದಿಗಿದ್ದುದರಿಂದ ಬಡಿಸುವುದು ಯಾವಾಗಲೂ ಅಲ್ಲಿಂದಲೇ ಶುರು. ಬಡಗಿನವರ ಎಲೆಗೆ ಬರುವಾಗ ಮೀನಿನ ತುಂಡು ಮುಗಿದು ಬರೀ ಸಾರು ಉಳಿದಿರುತ್ತಿತ್ತು. ಅವಳಿಗೆ ಅದು ಹೊಳೆದಿರಲೇ ಇಲ್ಲ. ಒಂದು ಬೆಳಿಗ್ಗೆ ಬಂಗುಡೆಯ ಹಿಂಡು ಬಲೆಯೊಳಗೆ ಸಿಕ್ಕ ಹೊತ್ತಿಗೇ ಬಡಗಿನವರ ಮುಖಂಡ ಬೂದ ತಾಂಡೇಲ ಹಗ್ಗ ಕೆಳಗಿಟ್ಟ. "ತುಂಡ್ ತಿಂಬವ್ರೇ ಎಳೀಲಿ, ಸಾರ್ ಕುಡಿವವ್ರ್ ಮನಿಗೆ ಹೋತ್ರ್" ಎಂದು ತನ್ನವರನ್ನು ಕರೆದುಕೊಂಡು ಹೊರಟ.

ಬಲೆ ಸಡಿಲಾದರೆ ಮೀನು ಹೋದಂತೆಯೇ. ಅಕ್ಕಣಿ ಮನೆಯಲ್ಲಿದ್ದ ಕಾಯಿಯನ್ನೆಲ್ಲ ಆಗಲೇ ಅರೆದಿಟ್ಟಿದ್ದಳು. ಅದು ಹಳಸಿದರೆ ಮರುದಿನ ಒಲೆ ಹಚ್ಚಲು ಅವಳಲ್ಲಿ ಏನೂ ಇರಲಿಲ್ಲ. ಅವಳು ಅರೆಯುವ ಕಲ್ಲನ್ನು ಉರುಳಿಸಿಕೊಂಡು ಹೋಗಿ ಬಡಗಿನ ಹಗ್ಗವನ್ನು ಅದಕ್ಕೆ ಸುತ್ತಿ ಬಿಗಿದಳು.

"ಹ್ವಾಯ್ ಅಕ್ಕಣಿ, ಕಲ್ಲ್ ಬಲೆ ಎಳಿತ್ತಾ?" ಎಂದು ತಾಂಡೇಲ ತಿರುಗಿ ನಿಂತು ನಕ್ಕ.

"ಎಳಿತಿಲ್ಲೆ ಅಣ್ಣ. ಆರೆ ಸಿಟ್ಟ್ ಮಾಡ್ಕಂಡ್ ಮನಿಗೂ ಹೋತಿಲ್ಲೆ" ಎಂದಳು ಅಕ್ಕಣಿ. "ನಂಗ್ ಗೊತ್ತಾಯಿಲ್ಲೆ. ಇವತ್ತಿಂದ ಎರಡ್ ಬದಿಂದ್ಲೂ ಬಡಿಸ್ತೆ."

ತೂಕದಲ್ಲೇ ಬದುಕಿದವನು ನಾನು. ಅಂಥ ಕಲ್ಲು ರಂಪಣಿಯನ್ನು ಎಲೆಯಡಿಕೆ ಜಗಿಯುವಷ್ಟು ಹೊತ್ತೂ ತಡೆಯಲಾರದು. ಹಿರಿಯರೂ ತಡೆಯಿತೆನ್ನುವುದಿಲ್ಲ. ಕಲ್ಲು ಮರಳಿನ ಮೇಲೆ ಜಾರುತ್ತ ನೀರಿನ ಕಡೆ ಹೊರಟೇಬಿಟ್ಟಿತ್ತು, ಅಕ್ಕಣಿ ಅದನ್ನು ತಬ್ಬಿಕೊಂಡು ತಾನೂ ಜಾರುತ್ತಿದ್ದಳು ಎನ್ನುತ್ತಾರೆ. ಓಡಿ ಬಂದು ಹಗ್ಗಕ್ಕೆ ಕೈಹಾಕಿದವರಲ್ಲಿ ಮೊದಲಿಗ ತಾಂಡೇಲನೇ. ಅವನ ಹಿಂದೆ ಅವನ ಕೇರಿ. ಬಲೆ ದಡಕ್ಕೆ ಬಂತು. ಅಂದು ಅಕ್ಕಣಿ ಸಾರನ್ನು ಎರಡು ತಪ್ಪಲೆಗೆ ಹಂಚಿ, ಒಂದನ್ನು ಸೊಸೆಯ ಕೈಗಿತ್ತು, ಬಡಗು ತುದಿಯಿಂದ ತಾನೇ ಬಡಿಸುತ್ತ ಬಂದಳಂತೆ.

ಈಗ ರಂಪಣಿ ಅಪರೂಪ. ಕಲ್ಲಿದೆ, ಗೆರೆಯಿದೆ; ಬಂದವರು ಅದರ ಮೇಲೆ ಬೆರಳಾಡಿಸಿ ಒಳಗೆ ಹೋಗುತ್ತಾರೆ. ಒಳಗೆ ಇಂದಿಗೂ ಇಬ್ಬರು ಎರಡು ತಪ್ಪಲೆ ಹಿಡಿದು ಎರಡೂ ತುದಿಗಳಿಂದ ಬಡಿಸುತ್ತ ಬಂದು ಮೇಜಿನ ನಡುವೆ ಸೇರುತ್ತಾರೆ. ತುಂಡಿಗೆ ಈಗ ಯಾರಿಗೂ ಕೊರತೆಯಿಲ್ಲ. ಹೊಸಬರು ಬೇಗ ಸಿಗಲೆಂದು ತುದಿಗಳಿಗೆ ನುಗ್ಗುತ್ತಾರೆ. ನಾನು ನಡುವೆಯೇ ಕೂರುತ್ತೇನೆ. ತುಸು ಕಾಯಬೇಕು, ನಿಜ. ಆದರೆ ಎರಡೂ ತಪ್ಪಲೆಗಳ ತಳದ ಗಟ್ಟಿ ಮಸಾಲೆ ಬೀಳುವುದು ಆ ಎಲೆಗೆ.