ಹೋಗಿ ಬತ್ತೀನಿ ಅಂದ ಬೋರಲಿಂಗನ ಜೀಪು

ನಗೋದಾದ್ರೆ ನೀವು ನಗಿ, ನಾನಂತೂ ನಗಾಕಿಲ್ಲ. ಈ ಕತೇಲಿ ಕೆಸರಿಗೆ ಬೀಳೋ ಟ್ರಾಕ್ಟರ್ ನಂದು. ಒಂದು ಸಲ ಅಲ್ಲ, ಎರಡು ಸಲ. ಅದನ್ನ ಆಮೇಲೆ ಹೇಳ್ತೀನಿ, ಮೊದಲು ಮಂಚಮ್ಮನ ಗೋಳು ಕೇಳಿ.

ತಾಳೆಕೊಪ್ಪಲಲ್ಲಿ ಮಂಚಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಅವನು ಬಿಟ್ಟು ಹೋದದ್ದು ಎರಡು, ಒಂದು ಹಳೇ ಜೀಪು, ಇನ್ನೊಂದು ಬೋರಲಿಂಗ ಅನ್ನೋ ಮಗ. ಹೇಳಿದ ಮಾತು ಕೇಳೋ ಮಗ ಬೇಕು ಅಂತ ಮಂಚಮ್ಮ ಹರಕೆ ಹೊತ್ತಿದ್ಲು. ದೇವರು ಹೇಳಿದಷ್ಟೇ ಕೇಳೋ ಮಗನ್ನ ಕೊಟ್ಟ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಜೀಪು ಓಡಿಸೋದು ಮಾತ್ರ ಚೆನ್ನಾಗಿ ಬತ್ತಿತ್ತು, ತೊಂದರೆ ಆಗಿದ್ದೇ ಅದರಿಂದ.

ಸಕ್ಕರೆ ಕಾರ್ಖಾನೆ ದಾರೀಲಿ ಒಂದು ಹಳ್ಳ. ನಾಲೆ ನೀರು ಜಿನುಗಿ ಜಿನುಗಿ ಅಲ್ಲಿ ವರ್ಷವೆಲ್ಲ ಕೆಸರು. ಕಬ್ಬು ತುಂಬಿದ ಟ್ರಾಕ್ಟರು ಹೂತ್ರೆ ಸರಪಳಿ ಬಿಗಿದು ಎಳೆಯೋದು ಮಂಚಮ್ಮನ ಜೀಪು. ಅವಳ ಮನೆ ಒಲೆ ಉರೀತಿದ್ದುದೇ ಆ ಕೆಸರಿಂದ. ಆದರೆ ಹೋದ ವರ್ಷ ಜೀಪೇ ಮೂರು ಸಲ ಹೂತ್ಕಂತು. ಕಾರ್ಖಾನೆ ಯಾರ್ಡ್ ಸೂಪರ್‌ವೈಸರ್ ಬೆಟ್ಟಸ್ವಾಮಿ ಖಡಾಖಂಡಿತವಾಗಿ ಹೇಳ್ಬುಟ್ಟ:

"ನೋಡು ಮಂಚಮ್ಮ, ಸೋಮವಾರ ಕಬ್ಬು ಅರೆಯೋದು ಶುರು. ಮೊದಲನೇ ಲೋಡು ನೀನು ಎಳೆದ್ರೆ ಈ ಸೀಸನ್ ಕೆಲಸ ನಿಂದು. ಎಳೀದೇ ಹೋದ್ರೆ, ಕೆಲಸ ಕೇಳ್ಕಂಡು ಬಂದಿರೋ ಆ ಕೆಂಪು ಟ್ರಾಕ್ಟರ್‌ನೋರಿಗೆ."

ಜೀಪಿನ ರೋಗ ಏನು ಅಂತ ಕೇಳಿ. ಹಿಂದಿನ ಎರಡು ಚಕ್ರದ ಮಧ್ಯೆ ಒಂದು ಕಬ್ಬಿಣದ ಗುಂಡು ಇರ್ತದೆ, ಡಿಫ್ರೆನ್ಸಲ್ ಅಂತೀವಿ. ಹಳೇದ್ರಲ್ಲಿ ಒಂದು ಚಕ್ರ ಕೆಸರಲ್ಲಿ ಜಾರಿದ್ರೆ ಇಂಜಿನ್ ಶಕ್ತಿಯೆಲ್ಲ ಅದಕ್ಕೇ ಹೋಯ್ತದೆ. ಅದು ಗಿರ್ರನೆ ತಿರುಗಿ ಎಲ್ರ ಮುಖಕ್ಕೂ ಕೆಸರು ಎರಚ್ತದೆ. ಇನ್ನೊಂದು ಚಕ್ರ ಅತ್ತೆಮನೆಗೆ ಬಂದ ಅಳಿಯನ ಹಂಗೆ ಸುಮ್ನೆ ಕೂತಿರ್ತದೆ. ಪೇಟೆ ಜಬ್ಬಾರ್ ಮೇಸ್ತ್ರಿ ಹತ್ರ ಬೇರೆ ಥರದ್ದು ಒಂದಿತ್ತು. ಲಿವರ್ ಹಾಕಿದ್ರೆ ಎರಡು ಚಕ್ರಾನೂ ಜೋಡೆತ್ತಿನ ಹಂಗೆ ಒಟ್ಟಿಗೇ ಎಳೀತವೆ. ಮಂಚಮ್ಮ ಕರೆಯೋ ಎಮ್ಮೆ ಕೊಟ್ಟು ಅದನ್ನ ಗೊತ್ತು ಮಾಡಿದ್ಲು. ಮನೇಲಿ ಆವತ್ತಿಂದ ಮಜ್ಜಿಗೆ ಇಲ್ಲ.

"ಬೋರಲಿಂಗ, ಜೀಪು ತಗಂಡು ಹೋಗಿ ಡಿಫ್ರೆನ್ಸಲ್ ತಾ."

"ಹೋಯ್ತೀನಿ ಅವ್ವ."

"ಥೂ, ಬಿಡ್ತು ಅನ್ನು. ಹೋಯ್ತೀನಿ ಅನ್ಬಾರ್ದು ಕಣ್ಲಾ, ಹೋಗಿ ಬತ್ತೀನಿ ಅನ್ಬೇಕು. ನಿಮ್ಮಪ್ಪ ಅವತ್ತು ಸಂತೆಗೆ ಹೋಯ್ತೀನಿ ಅಂತಂದು ಹೋದ. ಹೆಣ ಬಂತು."

"ಹೋಗಿ ಬತ್ತೀನಿ ಅವ್ವ."

ಹೋದ, ಬಂದ. ಏಳು ಮೈಲಿ ದಾರಿ ಟಣಟಣ ಅಂತ ಸದ್ದು. ಜೀಪಿನ ಹಿಂದೆ ಸರಪಳಿ, ಸರಪಳಿ ತುದೀಲಿ ಡಿಫ್ರೆನ್ಸಲ್ಲು, ಟಾರು ರೋಡಲ್ಲಿ ಕಿಡಿ ಹಾರಿಸ್ಕಂಡು ಬತ್ತಾ ಇದೆ.

"ಅಯ್ಯೋ ನನ್ನ ಎಮ್ಮೇ," ಅಂತ ಮಂಚಮ್ಮ ತಲೆ ಚಚ್ಕಂಡ್ಲು. "ಯಾಕ್ಲಾ ಎಳ್ಕಂಡು ಬಂದೆ?"

"ನಮ್ಮ ಜೀಪು ಇರೋದೇ ಎಳೆಯೋಕೆ ಅಲ್ವಾ?"

"ನಿನ್ನ ಮುಖಕ್ಕಿಷ್ಟು. ಬೆಲೆ ಬಾಳೋದನ್ನ ಎಣ್ಣೆ ಸವರಿ, ಕಂಬಳಿ ಸುತ್ತಿ, ಕೂಸಿನ ಹಂಗೆ ತೊಡೆ ಮೇಲೆ ಮಡಿಕಂಡು ತರಬೇಕು ಕಣ್ಲಾ."

"ಆಗ್ಲಿ ಅವ್ವ, ಹಂಗೇ ಮಾಡ್ತೀನಿ."

ಪುಣ್ಯಕ್ಕೆ ಮೇಲಿನ ಕಬ್ಬಿಣ ತರಚಿತ್ತೇ ಹೊರತು ಒಳಗಿನ ಹಲ್ಲಿಗೆ ಏನೂ ಆಗಿರಲಿಲ್ಲ. ಮಾರನೇ ದಿನ ಅದನ್ನ ಕೂರಿಸೋಕೆ ಜಬ್ಬಾರ್ ಮೇಸ್ತ್ರೀನೇ ಬರಬೇಕು. "ಸಾಬ್ರನ್ನ ಕರ್ಕಂಡು ಬಾ, ಅವರ ಕೈ ಬೆಲೆ ಬಾಳೋ ಕೈ," ಅಂದ್ಲು ಮಂಚಮ್ಮ. ಹೆತ್ತ ತಾಯಿಗೆ ಮಗನ ಬುದ್ಧಿ ಗೊತ್ತಿರಬೇಕಾಗಿತ್ತು. ಬೆಲೆ ಬಾಳೋ ಅಂತ ಯಾಕೆ ಅನ್ಬೇಕಾಗಿತ್ತು?

ಜಬ್ಬಾರ್ ಸಾಬ್ರಿಗೆ ಎಪ್ಪತ್ತು ವರ್ಷ. ಕಡ್ಡಿ ಹಂಗೆ ಇದ್ರು. ಬೋರಲಿಂಗ ಅವರ ತಲೆಯಿಂದ ಕಾಲಿನವರೆಗೂ ಹರಳೆಣ್ಣೆ ಸವರಿ, ಕಂಬಳಿ ಸುತ್ತಿ, ತೊಡೆ ಮೇಲೆ ಕೂರಿಸ್ಕಂಡು ಏಳು ಮೈಲಿ ಜೀಪು ಓಡಿಸ್ದ. ದಾರಿಯುದ್ದಕ್ಕೂ ಜನ ನಿಂತು ನೋಡಿದ್ರು.

"ಮಂಚಮ್ಮೋರೆ," ಅಂದ್ರು ಸಾಬ್ರು, ದಾಡೀಲಿ ಎಣ್ಣೆ ಸೋರ್ತಾ ಇತ್ತು, "ಐವತ್ತು ವರ್ಷ ಗಾಡಿ ರಿಪೇರಿ ಮಾಡಿದೀನಿ. ನಮ್ಮ ಅಮ್ಮೀಜಾನ್ ಹೋದ್ಮೇಲೆ ಯಾರೂ ನನ್ನ ತೊಡೆ ಮೇಲೆ ಕೂರಿಸ್ಕಂಡಿರಲಿಲ್ಲ. ನನ್ನ ಮರ್ಯಾದೆ ಏನಾಯ್ತು ಹೇಳಿ?"

ಮಂಚಮ್ಮ ಬಿಸಿನೀರು, ಸೀಗೆಪುಡಿ ಕೊಟ್ಟು ಕೈ ಮುಗಿದ್ಲು. ಮಗನ ಕಡೆ ತಿರುಗಿದ್ಲು.

"ಲೋ ಕೋಣ, ಜೊತೇಲಿ ಬರೋರನ್ನ ಮುಂದಿನ ಸೀಟಲ್ಲಿ ಕೂರಿಸ್ಬೇಕು. ಕಾಫಿ ಕುಡೀರಿ ಅನ್ಬೇಕು. ಬೇಡ ಅಂದ್ರೂ ಬಿಡದೆ ಬಲವಂತ ಮಾಡಿ ಕುಡಿಸ್ಬೇಕು. ನಮ್ಮಲ್ಲಿ ಉಪಚಾರ ಅಂದ್ರೆ ಹಂಗೆ."

"ಆಗ್ಲಿ ಅವ್ವ, ಹಂಗೇ ಮಾಡ್ತೀನಿ."

ಸಾಬ್ರು ಜೀಪಿನ ಹಿಂಭಾಗವನ್ನ ಕಲ್ಲಿನ ಮೇಲೆ ಏರಿಸಿ, ಹಳೇ ಗುಂಡು ಬಿಚ್ಚಿ, ಹೊಸದನ್ನ ಕೂರಿಸಿದ್ರು. ಒಳಗೆ ಹಾಕೋಕೆ ಗಿಯರ್ ಎಣ್ಣೆ ಬೇಕಾಯ್ತು. ಬೋರಲಿಂಗ ಬಸ್ಸಲ್ಲಿ ಹೋಗಿ ಒಂದು ಡಬ್ಬ ತಗಂಡ. ಬರೋವಾಗ ಡಬ್ಬಾನ ಬಸ್ಸಿನ ಮುಂದಿನ ಸೀಟಲ್ಲಿ ಕೂರಿಸ್ದ. ಅದು ಹೆಂಗಸರ ಸೀಟು.

"ಎತ್ತೋ ಡಬ್ಬಾನ," ಅಂದ್ಲು ತರಕಾರಿ ಬುಟ್ಟಿ ಹೊತ್ತ ಮುದುಕಿ. "ನಾವು ನಿಂತಿದೀವಿ, ಎಣ್ಣೆಗೆ ಸೀಟಾ?"

"ನನ್ನ ಜೊತೇಲಿ ಬಂದದೆ ಕಣಜ್ಜಿ."

ನಡುವೆ ಬಸ್ಸು ನಿಂತಾಗ ಇಳಿದು ಒಂದು ಲೋಟ ಕಾಫಿ ತಂದ. "ಕುಡೀರಿ," ಅಂದ. ಡಬ್ಬ ಮಾತಾಡ್ಲಿಲ್ಲ. ಸಂಕೋಚ ಪಡ್ತಾ ಇದೆ ಅಂದ್ಕಂಡ. "ಹಂಗನ್ಬಾರ್ದು, ಕುಡೀಲೇಬೇಕು," ಅಂತ ಮುಚ್ಚಳ ತೆಗೆದು ಲೋಟಾನ ಪೂರ್ತಿ ಸುರಿದ. ಡಬ್ಬದ ತುಂಬ ನೊರೆ ಬಂತು.

ಸಾಬ್ರು ಮುಚ್ಚಳ ತೆಗೆದು ಮೂಸಿ ನೋಡಿದ್ರು. ತಾವೇ ಬಸ್ ಹತ್ತಿ ಹೋಗಿ ಬೇರೆ ಎಣ್ಣೆ ತಂದು ಹಾಕಿದ್ರು. ಮಂಚಮ್ಮ ಮಾತ್ರ ಸುಮ್ನೆ ಬಿಡಲಿಲ್ಲ.

"ಎಣ್ಣೆ ತಾ ಅಂದ್ರೆ ಎಣ್ಣೆ ಮಾತ್ರ ತರಬೇಕು. ನಾನು ಏನು ತಾ ಅಂತೀನೋ ಅಷ್ಟೇ ತಾ. ಅದಕ್ಕಿಂತ ಒಂದು ತೊಟ್ಟು ಜಾಸ್ತಿ ತಂದ್ಯೋ, ಮನೆ ಬಾಗಿಲು ತೆಗೆಯಾಕಿಲ್ಲ."

"ಆಗ್ಲಿ ಅವ್ವ, ಹಂಗೇ ಮಾಡ್ತೀನಿ."

ಭಾನುವಾರ ಬೆಳಗ್ಗೆ ಜೀಪು ಸಿದ್ಧ ಆಯ್ತು. ಸಾಬ್ರು ಬೋರಲಿಂಗಂಗೆ ಎರಡೇ ಮಾತು ಹೇಳಿದ್ರು, ಕೆಸರಲ್ಲಿ ಲಿವರ್ ಹಾಕು, ಗಟ್ಟಿ ನೆಲದಲ್ಲಿ ತೆಗಿ. ಮಂಚಮ್ಮ ಅಂದ್ಲು, "ಸಾಬ್ರನ್ನ ಪೇಟೇಲಿ ಬಿಟ್ಟು, ನಾಳೆ ಪೂಜೆಗೆ ನಾಲ್ಕು ನಿಂಬೆಹಣ್ಣು ತಾ." ಮಧ್ಯಾಹ್ನ ಮಗ ಬಂದ. ಏಳು ಮೈಲಿ ನಡ್ಕಂಡು ಬಂದ. ಕೈಯಲ್ಲಿ ನಾಲ್ಕು ನಿಂಬೆಹಣ್ಣು.

"ಜೀಪೆಲ್ಲೋ?"

"ಪೇಟೇಲಿ. ನಿಂಬೆಹಣ್ಣು ಮಾತ್ರ ತಾ ಅಂದ್ಯಲ್ಲ."

ಮಂಚಮ್ಮ ಅಂಗಳದಲ್ಲೇ ಕುಸಿದು ಕೂತ್ಲು. "ನಾಳೆ ಬೆಳಗಾದ್ರೆ ನನ್ನ ಅನ್ನದ ಪ್ರಶ್ನೆ. ಲೋ, ಕಿವಿಗೊಟ್ಟು ಕೇಳು. ಹೋಗಿ ಬತ್ತೀನಿ ಅಂದ್ರೆ ನೀನೊಬ್ಬನೇ ಬರೋದಲ್ಲ. ಏನು ತಗಂಡು ಹೊಂಟ್ಯೋ ಅದನ್ನೂ ತರಬೇಕು. ಎಲ್ಲಿಂದ ಹೊಂಟ್ಯೋ ಅಲ್ಲಿಗೇ ತಂದು ನಿಲ್ಲಿಸ್ಬೇಕು."

"ಆಗ್ಲಿ ಅವ್ವ, ಹಂಗೇ ಮಾಡ್ತೀನಿ."

ಅವ್ವ ಮಗ ಇಬ್ಬರೂ ನಡ್ಕಂಡು ಹೋಗಿ ಜೀಪು ತಂದ್ರು. ದಾರಿಯುದ್ದಕ್ಕೂ ಅವಳು ಬೈದ್ಲು, ಇವನು ಹೂಂ ಅಂದ.

ಸೋಮವಾರ ಬಂತು. ಈಗ ಬತ್ತೀನಿ ನಾನು. ಮೊದಲನೇ ಲೋಡು ನಂದೇ, ಒಂದು ಟ್ರೈಲರ್ ತುಂಬ ಕಬ್ಬು. ಹಳ್ಳಕ್ಕೆ ಇಳಿದೆ, ಚಕ್ರ ಮುಳುಗೋವರೆಗೂ ಹೂತೆ. ಆಚೆ, ಕಾರ್ಖಾನೆ ಕಡೆ ದಡದಲ್ಲಿ ಬೆಟ್ಟಸ್ವಾಮಿ ಕೈ ಕಟ್ಕಂಡು ನಿಂತಿದ್ದ. ಪಕ್ಕದಲ್ಲೇ ಕೆಂಪು ಟ್ರಾಕ್ಟರು ಗುರ್ ಅಂತಿತ್ತು. ಮಂಚಮ್ಮ ಜೀಪಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಕೈ ಮುಗಿದ್ಲು. ಜೀಪು ಆಚೆ ದಡಕ್ಕೆ ದಾಟ್ತು, ನನ್ನ ಟ್ರಾಕ್ಟರಿಗೆ ಸರಪಳಿ ಬಿಗಿದ್ರು.

"ಹೋಗಿ ಬತ್ತೀನಿ ಅವ್ವ," ಅಂತ ಆಚೆಯಿಂದ ಕೂಗ್ದ ಬೋರಲಿಂಗ.

ಲಿವರ್ ಹಾಕ್ದ. ಸುಳ್ಳು ಯಾಕೆ ಹೇಳ್ಲಿ, ಎರಡು ಚಕ್ರಾನೂ ಒಟ್ಟಿಗೆ ನೆಲ ಕಚ್ಚಿದ್ವು. ಒಂದು ಹನಿ ಕೆಸರು ಹಾರಲಿಲ್ಲ. ಜೀಪು ಮುಂದಕ್ಕೆ ತೆವಳ್ತು, ನನ್ನ ಟ್ರಾಕ್ಟರು ಎದ್ದು ಬಂತು, ಹಿಂದೇನೇ ಟ್ರೈಲರ್ರೂ ಬಂತು. ಟಾರು ರೋಡು ಸಿಕ್ತು. ಬೆಟ್ಟಸ್ವಾಮಿ ಕಟ್ಟಿದ ಕೈ ಬಿಚ್ಚಿ, "ಆಯ್ತು ಮಂಚಮ್ಮ, ಸೀಸನ್ ನಿಂದೇ," ಅಂದ. ಊರ ಕಡೆ ದಡದಲ್ಲಿ ಮಂಚಮ್ಮ ಅತ್ತೇಬಿಟ್ಲು.

ಸರಪಳಿ ಬಿಚ್ಚೋಕೆ ನಾನು ಕಾಲು ಕೆಳಗಿಟ್ಟಿರಲಿಲ್ಲ, ಜೀಪು ಹೊರಟೇಬಿಡ್ತು. ಕಾರ್ಖಾನೆ ಗೇಟಿನ ಮುಂದೆ ಒಂದು ಸುತ್ತು ಹಾಕ್ತು, ಮತ್ತೆ ಹಳ್ಳದ ಕಡೆಗೇ ತಿರುಗ್ತು.

"ನಿಲ್ಸೋ," ಅಂತ ಬಾಯಿ ಬಡ್ಕಂಡೆ. ಬ್ರೇಕ್ ಮೇಲೆ ನಿಂತೇಬಿಟ್ಟೆ. ಕೆಸರು ಮೆತ್ತಿದ ಬ್ರೇಕು ಹಿಡೀತದಾ? ಹಳ್ಳಕ್ಕೆ ಇಳಿಸ್ದ, ಲಿವರ್ ಹಾಕ್ದ, ಅದೇ ಗುಂಡೀಲಿ ಅಳತೆ ತಪ್ಪದೆ ನನ್ನ ಟ್ರಾಕ್ಟರ್ ನಿಲ್ಲಿಸ್ದ. ಮೂತಿ ಬೇರೆ ಈಗ ಊರ ಕಡೆಗೆ ತಿರುಗಿತ್ತು. ಇವನು ಜೀಪಿಂದ ಇಳಿದು ಅವ್ವನ ಮುಂದೆ ನಿಂತು ಹಲ್ಲು ಕಿರಿದ.

"ಎಲ್ಲಿಂದ ಹೊಂಟ್ನೋ ಅಲ್ಲಿಗೇ ತಂದು ನಿಲ್ಲಿಸ್ದೆ ಅವ್ವ."

"ಕೆಲಸ ಈ ಕೆಂಪು ಟ್ರಾಕ್ಟರ್‌ನೋರಿಗೇ," ಅಂತ ಬೆಟ್ಟಸ್ವಾಮಿ ಆಚೆಯಿಂದ ಕೂಗ್ದ. "ಇವರ ಸಹವಾಸ ಸಾಕು."

ಆಗ ಮಂಚಮ್ಮ ಸೀರೆ ಎತ್ತಿ ಕಟ್ಟಿದ್ಲು. "ಯಾಕ್ರೀ ಸ್ವಾಮಿ? ನನ್ನ ಜೀಪು ಎಳೀಲಿಲ್ವಾ? ಎಳೆದದ್ದು ಒಂದು ಸಲ ಅಲ್ಲ, ಎರಡು ಸಲ. ದಡ್ಡ ಆಗಿರೋದು ನನ್ನ ಮಗ, ನನ್ನ ಜೀಪಲ್ಲ. ಎಮ್ಮೆ ಕೊಟ್ಟು ತಂದಿದೀನಿ, ಒಂದು ಗಳಿಗೆ ತಡೀರಿ." ಗಂಡ ಇದ್ದಾಗ ಜೀಪು ಓಡಿಸೋದು ಕಲ್ತಿದ್ಲು. ಹತ್ತಿ ಕೂತ್ಲು.

"ಅವ್ವ, ಹೋಗಿ ಬತ್ತೀನಿ ಅನ್ನು," ಅಂದ ಬೋರಲಿಂಗ.

"ಹೋಯ್ತೀನಿ ಕಣ್ಲಾ. ಬರಾಕಿಲ್ಲ. ಬಂದ್ರೆ ಮತ್ತೆ ಈ ಗುಂಡಿಗೇ ಬರಬೇಕು."

ಬೋರಲಿಂಗನ ಮುಖ ಸುಣ್ಣ ಆಯ್ತು. ಅವಳು ಲಿವರ್ ಹಾಕೋ ಹೊತ್ತಿಗೆ ಇವನು ಜೀಪಲ್ಲಿದ್ದ ಇನ್ನೊಂದು ಸರಪಳಿ ತಗಂಡು ಕೆಸರಲ್ಲಿ ಬಿದ್ದು ಎದ್ದು ಓಡ್ದ. ನನ್ನ ಟ್ರೈಲರಿನ ಹಿಂಭಾಗಕ್ಕೆ ಒಂದು ತುದಿ, ಕಾರ್ಖಾನೆ ಕಡೆ ದಡದ ಜಾಲಿಮರಕ್ಕೆ ಇನ್ನೊಂದು ತುದಿ ಬಿಗಿದೇಬಿಟ್ಟ. ನಾನು ಕೂಗಿದ್ದು ಮಂಚಮ್ಮನಿಗೆ ಕೇಳಿಸ್ಲಿಲ್ಲ. ಅವಳು ಸಿಟ್ಟಲ್ಲಿ ಎಳೆದ್ಲು. ಜೀಪು ನೆಲ ಕಚ್ತು, ನನ್ನ ಟ್ರಾಕ್ಟರ್ ಎದ್ದಿತು, ಟ್ರೈಲರ್ ಎದ್ದಿತು, ಸರಪಳಿ ಬಿಗೀತು. ಒಂದು ಗಳಿಗೆ ಎಲ್ಲ ನಿಂತೋಯ್ತು. ಆಮೇಲೆ ಲಟಲಟ ಅಂತ ಜಾಲಿಮರ ಬೇರು ಸಮೇತ ಕಿತ್ಕಂಡು, ಹಳ್ಳ ದಾಟಿ ನಮ್ಮ ಹಿಂದೇನೇ ಬಂತು.

ಬೆಟ್ಟಸ್ವಾಮಿ ಮರ ಇದ್ದ ಜಾಗದ ಗುಂಡಿ ನೋಡ್ದ, ಜೀಪು ನೋಡ್ದ. ಕೆಂಪು ಟ್ರಾಕ್ಟರ್‌ನೋನು ಇಂಜಿನ್ ಆಫ್ ಮಾಡ್ದ. "ಸೀಸನ್ ನಿಂದೇ ಕಣಮ್ಮ," ಅಂದ ಬೆಟ್ಟಸ್ವಾಮಿ. "ಓಡಿಸೋದು ಮಾತ್ರ ನೀನೇ ಓಡಿಸ್ಬೇಕು."

ಮಂಚಮ್ಮ ಇಳಿದು, ಮರದ ಹಿಂದೇನೇ ಕೆಸರು ದಾಟಿ ಬಂದ ಮಗನ ಹತ್ರ ಕೈ ಎತ್ಕಂಡು ಬಂದ್ಲು. "ಮರಕ್ಕೆ ಯಾಕ್ಲಾ ಕಟ್ದೆ, ಪಾಪಿ?"

"ನೀನು ಹೋಯ್ತೀನಿ, ಬರಾಕಿಲ್ಲ ಅಂದ್ಯಲ್ಲ," ಅಂದ ಬೋರಲಿಂಗ. ಮೂಗು ಸೋರ್ತಾ ಇತ್ತು. "ಅಪ್ಪಂಗೂ ಅವತ್ತು ಒಂದು ಸರಪಳಿ ಕಟ್ಟಿದ್ರೆ ನಿಂತಿರ್ತಿದ್ದ."

ಎತ್ತಿದ ಕೈ ಹಂಗೇ ಇಳೀತು. ಸೆರಗಲ್ಲಿ ಅವನ ಮುಖದ ಕೆಸರು ಒರೆಸಿದ್ಲು. ಸುತ್ತ ನಿಂತಿದ್ದ ಜನ ಕೂಡ ಕಣ್ಣು ಒರೆಸ್ಕಂಡ್ರು.

ಎಲ್ಲಾ ಸರಿ ಸ್ವಾಮಿ, ನಾನು ಬೇಡ ಅನ್ನಾಕಿಲ್ಲ. ಆದರೆ ಕಾರ್ಖಾನೆ ಹಳ್ಳದ ಆಚೆ, ನನ್ನ ಕಬ್ಬು ಹಳ್ಳದ ಈಚೆ, ಹಿಂದೆ ಒಂದು ಜಾಲಿಮರ. ಅದನ್ನ ಕೇಳೋರು ಒಬ್ಬರೂ ಇರಲಿಲ್ಲ.